ಹಾಲಿ, ಕಲ್ದಾರ್, ದಿರ್ಹಮ್

2025ರ ಡಿಸೆಂಬರ್ ಮೊದಲ ವಾರ ಡಾಲರಿನ ಬೆಲೆ 90 ರೂಪಾಯಿ ದಾಟಿದ ಸಂಜೆ ದುಬೈನ ನಮ್ಮ ಕನ್ನಡ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಬ್ಬದ ಸಡಗರ. ಇಲ್ಲಿನ ನಾಣ್ಯವಾದ ದಿರ್ಹಮಿಗೆ ಇಪ್ಪತ್ತನಾಲ್ಕೂವರೆ ರೂಪಾಯಿ ಎಂದು ಒಬ್ಬರು ಬರೆದರೆ, ಬರ್ ದುಬೈನ ಹಣ ವಿನಿಮಯ ಅಂಗಡಿಯ ಮುಂದೆ ನಿಂತ ಸಾಲಿನ ಚಿತ್ರವನ್ನು ಇನ್ನೊಬ್ಬರು ಹಾಕಿದರು. ಅದೇ ರಾತ್ರಿ ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ನಮ್ಮೂರಿನಿಂದ ಅಣ್ಣ ಫೋನ್ ಮಾಡಿದ. ಮುಂಗಾರಿನಲ್ಲಿ ಬಿಡದೆ ಸುರಿದ ಮಳೆಗೆ ಅರ್ಧ ಹೊಲದ ತೊಗರಿ ನೆಟೆ ರೋಗ ಹತ್ತಿ ಒಣಗಿ ಹೋಗಿದೆ. ಉಳಿದದ್ದು ಇನ್ನು ಕೆಲವೇ ದಿನಗಳಲ್ಲಿ ರಾಶಿಗೆ ಬರುತ್ತದೆ. ಅವನು ಕೇಳಿದ್ದು ಒಂದೇ ಮಾತು: "ಡಾಲರ್ ಏರಿದೆಯಂತಲ್ಲ, ನಮ್ಮ ತೊಗರಿಗೆ ಏನಾದರೂ ಆಗುತ್ತದೆಯೇ?" ಫೋನಿನಲ್ಲಿ ಅವನಿಗೆ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಸಂಘದ ಪತ್ರಿಕೆಯ ಈ ಸಂಚಿಕೆಯ ಸಂಪಾದಕೀಯ ಆ ಪ್ರಶ್ನೆಗೆ ಮೀಸಲು.

ವಿನಿಮಯ ದರ ನಮ್ಮ ಭಾಗದ ಜನರಿಗೆ ಹೊಸದೇನಲ್ಲ. ನಮ್ಮ ಮುತ್ಯಾ, ಅಂದರೆ ಅಜ್ಜ, ನಿಜಾಮರ ಕಾಲದಲ್ಲಿ ಬಂಡಿ ಕಟ್ಟಿಕೊಂಡು ಸೊಲ್ಲಾಪುರದ ಪೇಟೆಗೆ ಹೋಗುತ್ತಿದ್ದ. ಊರಲ್ಲಿ ನಡೆಯುತ್ತಿದ್ದುದು ಚಾರ್‌ಮಿನಾರ್ ಚಿತ್ರವಿದ್ದ ಹಾಲಿ ಸಿಕ್ಕಾ ರೂಪಾಯಿ. ಗಡಿ ದಾಟಿದರೆ ಬ್ರಿಟಿಷರ ಕಲ್ದಾರ್ ರೂಪಾಯಿ. 7 ಹಾಲಿ ಕೊಟ್ಟರೆ 6 ಕಲ್ದಾರ್, ಅದರಲ್ಲೂ ನಾಣ್ಯ ಬದಲಿಸಿಕೊಡುವ ಸರಾಫ ಮುರಿದುಕೊಳ್ಳುವ ವಟಾವು ಬೇರೆ. ಹಾಲಿ ರೂಪಾಯಿಯನ್ನು ಅಧಿಕೃತವಾಗಿ ಕೈಬಿಟ್ಟದ್ದು 1959ರಲ್ಲಿ, ಅಂದರೆ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ ಹನ್ನೊಂದು ವರ್ಷಗಳಾದ ಮೇಲೆ. ಅಂಥ ಎರಡು ನಾಣ್ಯಗಳು ಅವ್ವನ ಪೆಟ್ಟಿಗೆಯಲ್ಲಿ ಇಂದಿಗೂ ಇವೆ. ಅಂಚು ಸವೆದು, ಉರ್ದು ಅಕ್ಷರಗಳು ಬೆರಳಿಗೆ ಮಾತ್ರ ತಿಳಿಯುವಷ್ಟು ಉಳಿದಿವೆ.

ಇನ್ನೂ ಹಿಂದೆ ಹೋದರೆ ಕಲಬುರಗಿಯಲ್ಲೇ ನಡೆದ, ನನ್ನನ್ನು ಇಂದಿಗೂ ತಲ್ಲಣಗೊಳಿಸುವ ಒಂದು ಪ್ರಸಂಗವಿದೆ. 1358ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಮೊದಲನೇ ಮುಹಮ್ಮದ್ ಶಾ ತನ್ನ ಹೆಸರಿನ ಚಿನ್ನ, ಬೆಳ್ಳಿಯ ನಾಣ್ಯಗಳನ್ನು ಹೊರಡಿಸಿದ. ಪೇಟೆಯ ಸರಾಫರಿಗೆ ವಿಜಯನಗರದ ಚಿನ್ನದ ನಾಣ್ಯವಾದ ಹೊನ್ನಿನ ಮೇಲೆಯೇ ಹೆಚ್ಚು ನಂಬಿಕೆ. ಸುಲ್ತಾನನ ನಾಣ್ಯ ಕೈಗೆ ಬಂದರೆ ಕರಗಿಸಿ ಹೊನ್ನು ಹೊಯ್ಯುತ್ತಿದ್ದರು. ಎಚ್ಚರಿಕೆ ಕೊಟ್ಟರೂ ನಿಲ್ಲದಿದ್ದಾಗ ಸುಲ್ತಾನ ರಾಜ್ಯದ ಸರಾಫರನ್ನೂ ಅಕ್ಕಸಾಲಿಗರನ್ನೂ ಒಂದೇ ದಿನ ಕೊಲ್ಲಿಸಿದನೆಂದು ಪಾರಸಿ ಚರಿತ್ರೆ ಹೇಳುತ್ತದೆ. ಎಂಥ ಘೋರ! ಒಂದು ರಾಜ್ಯದ ನಾಣ್ಯವನ್ನು ಜನ ಕೈಯಲ್ಲಿ ಇಟ್ಟುಕೊಳ್ಳಲು ಒಪ್ಪುವುದು ನಂಬಿಕೆಯ ಮಾತು, ಕತ್ತಿ ಹಿಡಿದು ಅದನ್ನು ತರಲಾಗದು. ಈಗ ರಿಸರ್ವ್ ಬ್ಯಾಂಕ್ ತನ್ನ ಸಂಗ್ರಹದ ಡಾಲರ್ ಮಾರಿ ರೂಪಾಯಿಯ ಇಳಿತದ ವೇಗವನ್ನು ತಗ್ಗಿಸಬಲ್ಲದು. ಜಗತ್ತಿನ ಹಣವೆಲ್ಲ ಡಾಲರಿನ ಕಡೆಗೆ ಓಡುವಾಗ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕೂ ಇಲ್ಲ. 2013ರ ಮೇ ತಿಂಗಳಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ತನ್ನ ಬಾಂಡ್ ಖರೀದಿಯನ್ನು ಕಡಿಮೆ ಮಾಡಬಹುದು ಎಂದು ಸೂಚಿಸಿದ್ದೇ ಸಾಕಾಯಿತು. ಆಗಸ್ಟ್ ಕೊನೆಯ ಹೊತ್ತಿಗೆ ಡಾಲರ್ 68 ರೂಪಾಯಿ ಮುಟ್ಟಿತ್ತು.

ನಾವೀಗ ಬದುಕುತ್ತಿರುವ ಈ ಕೊಲ್ಲಿಯ ನೆಲದಲ್ಲೂ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. 1966ರ ಜೂನ್ 6ರಂದು ಭಾರತ ಡಾಲರಿನ ಬೆಲೆಯನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿದ ಮೇಲೆ ದುಬೈ, ಕತಾರ್ ಆ ರೂಪಾಯಿಯನ್ನು ಬಿಟ್ಟವು. ಒಮಾನ್ 1970ರವರೆಗೆ ಇಟ್ಟುಕೊಂಡಿತು. ಇಂದು ಒಂದು ಡಾಲರಿಗೆ 3.6725 ದಿರ್ಹಮ್ ಎಂಬುದು ಸ್ಥಿರ, 1997ರಿಂದ ಕದಲಿಲ್ಲ. ಆದ್ದರಿಂದ ದಿರ್ಹಮ್ ಏರಿತು ಎಂದು ನಾವು ಹೇಳುವಾಗಲೆಲ್ಲ ಡಾಲರಿನ ಎದುರು ರೂಪಾಯಿ ಇಳಿದಿರುತ್ತದೆ.

ಆ ಇಳಿತ ನಮ್ಮೂರಿನ ಮನೆಗೆ ಹಲವು ಬಾಗಿಲುಗಳಿಂದ ಒಳಬರುತ್ತದೆ. ಮೊದಲ ಬಾಗಿಲು ತೊಗರಿಯದು. ದೇಶಕ್ಕೆ ಸಾಲದ ತೊಗರಿ ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ಗಳಿಂದ ಬರುತ್ತದೆ, ವ್ಯವಹಾರವೆಲ್ಲ ಡಾಲರಿನಲ್ಲಿ. ಲೆಕ್ಕಕ್ಕಾಗಿ ಟನ್ನಿಗೆ 800 ಡಾಲರ್ ಎಂದು ಇಟ್ಟುಕೊಳ್ಳಿ. ಡಾಲರಿಗೆ 83 ರೂಪಾಯಿ ಇದ್ದಾಗ ಅದು ಕ್ವಿಂಟಲಿಗೆ 6,640 ರೂಪಾಯಿ, 90 ಆದಾಗ 7,200. ಹೊರಗಿನ ತೊಗರಿ ಅಷ್ಟು ದುಬಾರಿಯಾದರೆ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ನಮ್ಮ ತೊಗರಿಗೆ ಅಷ್ಟರಮಟ್ಟಿಗೆ ಆಸರೆ. ಆದರೆ 2021ರಿಂದ ತೊಗರಿ ಆಮದಿಗೆ ಬಾಗಿಲು ತೆರೆದೇ ಇದೆ, ಈಗ ಸುಂಕವೂ ಇಲ್ಲ. ಆಫ್ರಿಕಾದ ಬೆಳೆ ನಮ್ಮ ರಾಶಿಗೆ ಮುಂಚೆಯೇ ಬಂದರಿನಲ್ಲಿ ಇಳಿದಿರುತ್ತದೆ. 2025-26ರ ಸಾಲಿನ ಬೆಂಬಲ ಬೆಲೆ 8,000 ರೂಪಾಯಿ. ನನ್ನ ಲೆಕ್ಕದ 7,200 ಅದಕ್ಕಿಂತ ಎಷ್ಟು ಕೆಳಗಿದೆ ನೋಡಿ. ರೂಪಾಯಿ ಇಳಿದು ರೈತನ ಕೈಗೆ ಬರಬೇಕಾದ ಲಾಭವನ್ನು ಒಂದು ಸುಂಕದ ಆದೇಶ ತಿಂದುಹಾಕಬಲ್ಲದು. ಭೌಗೋಳಿಕ ಗುರುತು ಪಡೆದ ನಮ್ಮ ಕಲಬುರಗಿ ತೊಗರಿ ಬೇಳೆಗೆ ಇದಕ್ಕಿಂತ ಹೆಚ್ಚಿನ ರಕ್ಷಣೆ ಸಿಗಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇನ್ನೊಂದು ಬಾಗಿಲಿನಿಂದ ಬರುವುದು ಖರ್ಚು. ಡೀಸೆಲ್ ಆಗುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನದು. ಕುಸುಬೆ ಎಣ್ಣೆಯ ಘಮ ಇದ್ದ ನಮ್ಮ ಅಡುಗೆಮನೆಗಳಲ್ಲಿ ಈಗ ಇಂಡೊನೇಷ್ಯಾ, ಮಲೇಷ್ಯಾದ ಪಾಮ್ ಎಣ್ಣೆ. ಪೊಟ್ಯಾಷ್ ಗೊಬ್ಬರ ಪೂರ್ತಿ ಆಮದು. ಡಿಎಪಿ ಗೊಬ್ಬರದ ಚೀಲಕ್ಕೆ ಮಾತ್ರ ಅದೇ 1,350 ರೂಪಾಯಿ, ಏಕೆಂದರೆ ಏರಿದ ಭಾರವನ್ನು ಸರ್ಕಾರದ ಸಹಾಯಧನ ಹೊರುತ್ತದೆ. ಆ ಹಣ ಬರುವುದೂ ಜನರ ತೆರಿಗೆಯಿಂದಲೇ.

ರೂಪಾಯಿ ಇಳಿದರೆ ರಫ್ತಿಗೆ ಒಳ್ಳೆಯದು ಎನ್ನುತ್ತಾರೆ. ಬೀದರಿನಲ್ಲಿ ಒಬ್ಬ ಬಿದರಿ ಕಸುಬುದಾರರ ಮುಂದೆ ಕುಳಿತು ನೋಡಿದ ಮೇಲೆ ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸತು, ತಾಮ್ರದ ಹೂದಾನಿಯ ಮೈಯಲ್ಲಿ ಚಾಣದಿಂದ ಗೀರು ಕೊರೆದು, ಕೂದಲೆಳೆಯ ಬೆಳ್ಳಿ ತಂತಿಯನ್ನು ಅದರಲ್ಲಿ ಕೂರಿಸಿ, ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದರು. ಬಿದ್ದ ತುಣುಕನ್ನು ಬೆರಳಿಗೆ ಅಂಟಿಸಿಕೊಂಡು ಡಬ್ಬಿಗೆ ಹಾಕುತ್ತಿದ್ದರು, ಒಂದು ಚೂರನ್ನೂ ಬಿಡಲಿಲ್ಲ. ಬೆಳ್ಳಿಯ ಬೆಲೆ ನಿಗದಿಯಾಗುವುದು ಡಾಲರಿನಲ್ಲಿ. ರೂಪಾಯಿ ಇಳಿದ ದಿನವೇ ಅವರ ತಂತಿ ದುಬಾರಿ. ಮಾರಾಟದ ಡಾಲರ್ ಸಿಗುವುದು ವಿದೇಶಕ್ಕೆ ಕಳುಹಿಸುವ ವ್ಯಾಪಾರಿಗೆ, ಕಸುಬುದಾರರಿಗೆ ಸಿಗುವುದು ಮೊದಲೇ ಮಾತಾದ ರೂಪಾಯಿಯ ಕೂಲಿ. ನಮ್ಮ ರಾಜ್ಯೋತ್ಸವದ ಮಳಿಗೆಗೆ ಮುಂದಿನ ಬಾರಿ ಅವರಿಂದಲೇ ನೇರವಾಗಿ ತರಿಸೋಣ ಎಂದು ಸಂಘದ ಮುಂದೆ ಕೋರುತ್ತೇನೆ.

ನಾವು ಕಳುಹಿಸುವ ಹಣ ಸಣ್ಣದಲ್ಲ. 2024ರಲ್ಲಿ ವಿದೇಶದಲ್ಲಿರುವ ಭಾರತೀಯರು ಊರಿಗೆ ಕಳುಹಿಸಿದ್ದು 129 ಬಿಲಿಯನ್ ಡಾಲರ್ ಎಂದು ವಿಶ್ವಬ್ಯಾಂಕಿನ ಅಂದಾಜು. ಅದು ನಿಂತರೆ ಏನಾಗುತ್ತದೆ ಎಂಬುದನ್ನು ನಮ್ಮ ಹಿರಿಯ ಸದಸ್ಯರು ಕಂಡಿದ್ದಾರೆ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. 1,70,000ಕ್ಕೂ ಹೆಚ್ಚು ಭಾರತೀಯರು ಬರಿಗೈಯಲ್ಲಿ ಊರಿಗೆ ಮರಳಿದರು, ತೈಲದ ಬೆಲೆ ಗಗನಕ್ಕೇರಿತು. ಮೊದಲೇ ಬಡಕಲಾಗಿದ್ದ ಖಜಾನೆ ಆ ಪೆಟ್ಟು ತಡೆಯಲಿಲ್ಲ. ಮರುವರ್ಷ ದೇಶ ಸುಮಾರು 47 ಟನ್ ಚಿನ್ನವನ್ನು ವಿದೇಶದಲ್ಲಿ ಅಡವಿಟ್ಟಿತು, ಜುಲೈ ಮೊದಲ ವಾರ ಎರಡು ಕಂತಿನಲ್ಲಿ ರೂಪಾಯಿಯ ಬೆಲೆ ಇಳಿಸಿತು.

ಊರಿನಲ್ಲಿ ಮನೆ ಸಾಲ ತೀರಿಸುತ್ತಿರುವವರಿಗೆ ಈಗಿನ ದರ ನಿಜಕ್ಕೂ ಅನುಕೂಲ, ತೀರಿಸಿಕೊಳ್ಳಿ. ಆದರೆ ದರ ಏರಿತೆಂದು ಇಲ್ಲಿ ಕಾರ್ಡಿನ ಮೇಲೆ ಸಾಲ ಎತ್ತಿ ಊರಿನ ಬ್ಯಾಂಕಿನಲ್ಲಿ ಠೇವಣಿ ಇಡುವವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ದಯವಿಟ್ಟು ಬೇಡ. ಕಾರ್ಡಿನ ಬಡ್ಡಿ ಠೇವಣಿಯ ಬಡ್ಡಿಗಿಂತ ಬಹಳ ಹೆಚ್ಚು. ಇನ್ನೂ ಏರಲಿ ಎಂದು ಕಾಯುತ್ತ ಮನೆಯ ಖರ್ಚಿನ ಹಣವನ್ನು ತಡೆದಿಡುವುದೂ ಬೇಡ. ಇಲ್ಲಿ ನಾವು ಕಾಯುವ ಹದಿನೈದು ದಿನ ಅಲ್ಲಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬೆಳೆಯುತ್ತದೆ.

ಅಣ್ಣನಿಗೆ ನಿನ್ನೆ ಮತ್ತೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಡಾಲರನ್ನು ನಂಬಿ ತೊಗರಿ ಹಿಡಿದಿಡಬೇಡ, ಬೆಂಬಲ ಬೆಲೆಯ ಖರೀದಿಗೆ ಹೆಸರು ನೋಂದಾಯಿಸು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ರಾಶಿಗೆ ಬರುವ ಯಂತ್ರದ ಬಾಡಿಗೆಯನ್ನು ಡೀಸೆಲ್ ನೆಪ ಹೇಳಿ ಏರಿಸುವ ಮಾತು ನಡೆದಿದೆ, ಅದನ್ನು ಮೊದಲು ಬಗೆಹರಿಸಿಕೊಂಡು ಬರುತ್ತೇನೆ ಎಂದು ಫೋನ್ ಇಟ್ಟ.