ಮಾರ್ಚ್‌ನಲ್ಲೇ ಮುಗಿಯುವ ಚುನಾವಣೆ

ಸೆನೆಟರ್ ಅಂದ ಕೂಡಲೇ ನಮಗೆ ನೆನಪಾಗುವುದು ವಾಷಿಂಗ್ಟನ್. ಟೆಕ್ಸಸ್ ರಾಜಧಾನಿ ಆಸ್ಟಿನ್‌ನಲ್ಲೂ ಒಂದು ಸೆನೆಟ್ ಇದೆ, ಅಲ್ಲೂ ನಮ್ಮ ಹೆಸರಲ್ಲಿ ಒಬ್ಬರು ಕೂತಿರುತ್ತಾರೆ ಅನ್ನುವುದು ಟೆಕ್ಸಸ್‌ಗೆ ಬಂದು ಹತ್ತು ವರ್ಷ ಆದವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ನಮ್ಮ ವಿಧಾನ ಪರಿಷತ್ತಿನ ಹಾಗೆ ಅಂದುಕೊಂಡು ಸುಮ್ಮನಾಗಿಬಿಡುತ್ತೇವೆ. ಹಾಗಲ್ಲ. ಅಲ್ಲಿ ಶಾಸಕರೂ ಪಂಚಾಯಿತಿ ಸದಸ್ಯರೂ ಪದವೀಧರರೂ ಶಿಕ್ಷಕರೂ ಬೇರೆ ಬೇರೆಯಾಗಿ ಆರಿಸುತ್ತಾರೆ. ಇಲ್ಲಿ ಜನರೇ ನೇರವಾಗಿ ಆರಿಸಬೇಕು. ಅದೂ ಸಣ್ಣ ಕ್ಷೇತ್ರ ಅಲ್ಲ. ಟೆಕ್ಸಸ್‌ನಿಂದ ಅಮೆರಿಕದ ಹೌಸ್‌ಗೆ, ಅಂದರೆ ನಮ್ಮ ಲೋಕಸಭೆಯಂಥ ಸದನಕ್ಕೆ, ಹೋಗುವವರು 38 ಜನ, ರಾಜ್ಯ ಸೆನೆಟ್‌ನಲ್ಲಿ ಇರುವವರು ಬರೀ 31. ಅಂದರೆ ಒಬ್ಬ ರಾಜ್ಯ ಸೆನೆಟರ್ ಕೈಕೆಳಗೆ ಸುಮಾರು 9.4 ಲಕ್ಷ ಜನ, ವಾಷಿಂಗ್ಟನ್‌ಗೆ ಹೋಗುವ ಹೌಸ್ ಸದಸ್ಯರಿಗಿಂತ ಜಾಸ್ತಿ!

ಈ ಸಲ 31ನೇ ಸೆನೆಟ್ ಕ್ಷೇತ್ರದ ಬಗ್ಗೆ ಬರೆಯುತ್ತಿದ್ದೇನೆ. ಮೇಲೆ ಪ್ಯಾನ್‌ಹ್ಯಾಂಡಲ್ ಅನ್ನುವ ಟೆಕ್ಸಸ್‌ನ ಉತ್ತರ ತುದಿಯ ಅಮರಿಲ್ಲೊ, ಕೆಳಗೆ ಎಣ್ಣೆ ಬಾವಿಗಳ ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾ, ನಡುವೆ ಹತ್ತಿ, ಜೋಳ, ದನ. ಹಿಯರ್‌ಫರ್ಡ್ ಊರಿನ ಕಡೆ ಕಾರಲ್ಲಿ ಹೋಗಿ ನೋಡಿ. ಕಣ್ಣು ಹಾಯುವಷ್ಟು ದೂರ ಕಬ್ಬಿಣದ ಬೇಲಿ, ಒಳಗೆ ಸಾವಿರಾರು ದನ, ಕಿಟಕಿ ಮುಚ್ಚಿದ್ದರೂ ವಾಸನೆ ಒಳಗೆ ಬರುತ್ತದೆ. ಆ ಊರಿನವರು ಅದನ್ನು 'ದುಡ್ಡಿನ ವಾಸನೆ' ಅಂತ ನಗುತ್ತಾರೆ. ಕೆಳಗಡೆ ಒಗಲಾಲಾ ಅಂತರ್ಜಲ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. 2024ರ ಫೆಬ್ರುವರಿ ಕೊನೆಯಲ್ಲಿ ಇದೇ ಪ್ಯಾನ್‌ಹ್ಯಾಂಡಲ್‌ನಲ್ಲಿ ಹತ್ತಿದ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ 10 ಲಕ್ಷ ಎಕರೆಗೂ ಜಾಸ್ತಿ ಸುಟ್ಟಿತು. ಟೆಕ್ಸಸ್ ಅಷ್ಟು ದೊಡ್ಡ ಬೆಂಕಿಯನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಇಂಥ ಕ್ಷೇತ್ರಕ್ಕೆ ಸೆನೆಟರ್ ಆಗುವುದು ಸುಲಭ ಅಲ್ಲ. ಸಂಬಳ ತಿಂಗಳಿಗೆ 600 ಡಾಲರ್. ತಪ್ಪಾಗಿ ಅಚ್ಚಾಗಿಲ್ಲ, ಆರು ನೂರೇ. ಅಧಿವೇಶನದ ದಿನಗಳಿಗೆ ಭತ್ಯೆ ಬೇರೆ ಸಿಗುತ್ತದೆ, ಆದರೂ ಎರಡು ವರ್ಷಕ್ಕೊಮ್ಮೆ 140 ದಿನ ಆಸ್ಟಿನ್‌ನಲ್ಲಿ ಕೂರಬೇಕು, ಅಮರಿಲ್ಲೊದಿಂದ ಅಲ್ಲಿಗೆ ಹತ್ತಿರ ಹತ್ತಿರ 500 ಮೈಲಿ. ಮೇಷ್ಟ್ರೋ ನರ್ಸೋ ಇದಕ್ಕೆ ನಿಲ್ಲಲು ಆಗುತ್ತದಾ? ಸ್ವಂತ ವ್ಯವಹಾರ ಇದ್ದವರೇ ನಿಲ್ಲಬೇಕು, ಅವರೇ ನಿಲ್ಲುತ್ತಾರೆ.

ಕೆಲ್ ಸೆಲಿಗರ್ ಅಂತ ಒಬ್ಬರಿದ್ದರು. ಅಮರಿಲ್ಲೊದ ಮೇಯರ್ ಆಗಿದ್ದವರು, ರಿಪಬ್ಲಿಕನ್, 2004ರಿಂದ ಸೆನೆಟರ್. 2017ರಲ್ಲಿ ಖಾಸಗಿ ಶಾಲೆಗೆ ಸರ್ಕಾರದ ದುಡ್ಡು ಕೊಡುವ ವೌಚರ್ ಮಸೂದೆ ಬಂದಾಗ ಅದರ ವಿರುದ್ಧ ಮತ ಹಾಕಿದ ಕೆಲವೇ ರಿಪಬ್ಲಿಕನ್ನರಲ್ಲಿ ಇವರೂ ಒಬ್ಬರು. ಕಾರಣ ಬಹಳ ಸರಳ. ಆ ಕಡೆಯ ಎಷ್ಟೋ ಊರುಗಳಲ್ಲಿ ಖಾಸಗಿ ಶಾಲೆಯೇ ಇಲ್ಲ. ಸರ್ಕಾರಿ ಶಾಲೆಯೇ ಊರಿನ ದೊಡ್ಡ ಕೆಲಸದ ಜಾಗ, ಶುಕ್ರವಾರ ರಾತ್ರಿ ಫುಟ್‌ಬಾಲ್ ಅಂದರೆ ಊರೆಲ್ಲ ಅಲ್ಲೇ. ಸೆನೆಟ್ ನಡೆಸುವ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಅವರಿಗೆ ಇದು ಹಿಡಿಸಲಿಲ್ಲ. 2018ರ ಮಾರ್ಚ್ ಪ್ರೈಮರಿಯಲ್ಲಿ, ಅಂದರೆ ನವೆಂಬರ್ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಸುತ್ತಿನಲ್ಲಿ, ಸೆಲಿಗರ್ ಎದುರು ಅವರದೇ ಪಕ್ಷದ ಇಬ್ಬರು ನಿಂತರು. ಸೆಲಿಗರ್ ಅರ್ಧಕ್ಕಿಂತ ಒಂದು ಚೂರು ಜಾಸ್ತಿ ಮತ ಪಡೆದು ಬಚಾವಾದರು. ನವೆಂಬರ್‌ನಲ್ಲಿ? ಡೆಮಾಕ್ರಟ್ ಒಬ್ಬರೂ ನಿಂತಿರಲಿಲ್ಲ. ಎದುರಿಗಿದ್ದದ್ದು ಲಿಬರ್ಟೇರಿಯನ್ ಅನ್ನುವ ಸಣ್ಣ ಪಕ್ಷದ ಒಬ್ಬರು, ಫಲಿತಾಂಶ ಕೇಳುವ ಅಗತ್ಯವೇ ಇರಲಿಲ್ಲ.

ಮುಂದಿನ ಕಥೆ ಬೇಗ ಹೇಳಿಬಿಡುತ್ತೇನೆ. 2019ರಲ್ಲಿ ಉನ್ನತ ಶಿಕ್ಷಣ ಸಮಿತಿಯ ಅಧ್ಯಕ್ಷಗಿರಿ ಹೋಯಿತು, ಸಮಾಧಾನಕ್ಕೆ ಕೊಟ್ಟ ಕೃಷಿ ಸಮಿತಿಯೂ ಒಂದು ಮಾತಿನ ಜಗಳದಲ್ಲಿ ಕೈತಪ್ಪಿತು. 2021ರಲ್ಲಿ ಕ್ಷೇತ್ರದ ನಕ್ಷೆ ಬದಲಾಯಿತು, ಮಿಡ್‌ಲ್ಯಾಂಡ್ ಕಡೆಯ ಬಲ ಹೆಚ್ಚಿತು. ಸೆಲಿಗರ್ ಮತ್ತೆ ನಿಲ್ಲುವುದಿಲ್ಲ ಅಂದರು. 2022ರ ಮಾರ್ಚ್‌ನಲ್ಲಿ ಮಿಡ್‌ಲ್ಯಾಂಡ್‌ನ ಎಣ್ಣೆ ಉದ್ಯಮಿ ಕೆವಿನ್ ಸ್ಪಾರ್ಕ್ಸ್ ಪ್ರೈಮರಿ ಗೆದ್ದರು. 2025ರ ಮೇನಲ್ಲಿ ವೌಚರ್ ಕಾನೂನಿಗೆ ಗವರ್ನರ್ ಸಹಿ ಬಿತ್ತು, ಮೊದಲ ಕಂತಿಗೇ 100 ಕೋಟಿ ಡಾಲರ್. ವೌಚರ್ ಒಳ್ಳೆಯದೋ ಕೆಟ್ಟದ್ದೋ, ನಮ್ಮಲ್ಲೇ ಎರಡೂ ಕಡೆಯವರಿದ್ದೀರಿ, ಆ ಜಗಳ ಇಲ್ಲಿ ಬೇಡ. ನಾನು ಹೇಳುವುದು ಇಷ್ಟೇ, ಈ ಕ್ಷೇತ್ರದಲ್ಲಿ ನಿಜವಾದ ತೀರ್ಮಾನ ಆಗುವುದು ಮಾರ್ಚ್‌ನಲ್ಲಿ.

ಹಳ್ಳಿಗಾಡಿನ ಕೈ ಮೇಲಿದ್ದ ಕಾಲವೂ ಇತ್ತು ಅನ್ನಿ, ಅದೂ ನ್ಯಾಯವಾಗಿ ಇರಲಿಲ್ಲ. 1960ರ ದಶಕದವರೆಗೆ ಒಂದು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದಕ್ಕೆ, ಒಬ್ಬರಿಗಿಂತ ಹೆಚ್ಚು ಸೆನೆಟರ್ ಇರಬಾರದು ಅಂತ ಟೆಕ್ಸಸ್ ಸಂವಿಧಾನದಲ್ಲೇ ಬರೆದಿತ್ತು. 12 ಲಕ್ಷ ದಾಟಿದ್ದ ಹ್ಯೂಸ್ಟನ್‌ನ ಹ್ಯಾರಿಸ್ ಕೌಂಟಿಗೂ ಒಬ್ಬರೇ! 1964ರಲ್ಲಿ ಸುಪ್ರೀಂ ಕೋರ್ಟ್ ಅಲಬಾಮದ ಕೇಸಿನಲ್ಲಿ, ರಾಜ್ಯದ ಎರಡೂ ಸದನಗಳಲ್ಲಿ ಪ್ರತಿನಿಧಿಗಳು ಜನಸಂಖ್ಯೆಗೆ ತಕ್ಕಂತೆ ಇರಬೇಕು ಅಂದಮೇಲೆ ಇದೂ ಬಿದ್ದುಹೋಯಿತು. ಆಮೇಲೆ ಹಳ್ಳಿ ಕಡೆಯವರಿಗೆ ಉಳಿದಿದ್ದ ಒಂದು ಆಸರೆ ಅಂದರೆ ಮೂರರಲ್ಲಿ ಎರಡು ಪಾಲು ಒಪ್ಪದೆ ಮಸೂದೆ ಚರ್ಚೆಗೇ ಬರಬಾರದು ಅನ್ನುವ ಸೆನೆಟ್ ಪದ್ಧತಿ. 11 ಜನ ಸೇರಿದರೆ ತಡೆಯಬಹುದಿತ್ತು. 2015ರಲ್ಲಿ ಅದನ್ನು ಸಡಿಲಿಸಿದರು, 2021ರಲ್ಲಿ ಇನ್ನಷ್ಟು. ಈಗ 18 ಮತ ಇದ್ದರೆ ಸಾಕು.

ಇಷ್ಟೆಲ್ಲ ನಮಗ್ಯಾಕೆ? ಯಾಕೆಂದರೆ ಆ ಊರುಗಳಲ್ಲಿ ನಮ್ಮವರೂ ಇದ್ದಾರೆ. ಡಾಕ್ಟರ್ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಿದರೆ ವಾಪಸ್ ಹೋಗಬೇಕಿಲ್ಲ ಅನ್ನುವ ವೀಸಾ ವಿನಾಯಿತಿ ಮೇಲೆ ಬಂದು, ಅಲ್ಲೇ ಮನೆ ಕಟ್ಟಿ, ಮಕ್ಕಳನ್ನು ಅದೇ ಸರ್ಕಾರಿ ಶಾಲೆಗೆ ಕಳಿಸಿ, ಈಗ ಸಿಟಿಜನ್ ಆದವರು. ನವೆಂಬರ್‌ನಲ್ಲಿ ತಪ್ಪದೆ ಮತ ಹಾಕಿ ಬೆರಳಿಗೆ ಶಾಯಿ ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ಕೇಳಿದರೆ 'ನಾನು ಯಾವ ಪಾರ್ಟಿಯೂ ಅಲ್ವಲ್ಲ' ಅನ್ನುತ್ತಾರೆ.

ಟೆಕ್ಸಸ್‌ನಲ್ಲಿ ಪಾರ್ಟಿ ಮೆಂಬರ್ ಆಗಿರಬೇಕಿಲ್ಲ. ಮತಗಟ್ಟೆಗೆ ಹೋದರೆ ಮೇಜಿನ ಹಿಂದೆ ಕೂತವರು ನಿಮ್ಮ ಐಡಿ ನೋಡಿ 'ರಿಪಬ್ಲಿಕನ್ನಾ, ಡೆಮಾಕ್ರಟ್ಟಾ' ಅಂತ ಕೇಳುತ್ತಾರೆ. ಯಾವುದು ಹೇಳಿದರೆ ಆ ಬ್ಯಾಲೆಟ್. ಮುಂದಿನ ಸಲ ಇನ್ನೊಂದು ಕೇಳಬಹುದು, ಯಾರೂ ತಡೆಯುವುದಿಲ್ಲ. ಒಂದೇ ಕಟ್ಟು: ಮಾರ್ಚ್‌ನಲ್ಲಿ ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಿದವರು ಮೇ ತಿಂಗಳ ರನ್‌ಆಫ್‌ನಲ್ಲಿ ಇನ್ನೊಂದು ಪಕ್ಷಕ್ಕೆ ಹಾರುವಂತಿಲ್ಲ. ರನ್‌ಆಫ್ ನಡೆಯುವುದು ಯಾರಿಗೂ ಅರ್ಧ ದಾಟದಿದ್ದಾಗ. ಆಗ ಬರುವ ಜನ ಇನ್ನೂ ಕಡಿಮೆ, ಹಾಗಾಗಿ ಒಂದೊಂದು ಮತಕ್ಕೂ ತೂಕ ಜಾಸ್ತಿ.

ನಮ್ಮ ಸಂಘ ಯಾರ ಪರವೂ ಇಲ್ಲ, ಇರುವುದಕ್ಕೆ ತೆರಿಗೆ ಕಾನೂನೂ ಬಿಡುವುದಿಲ್ಲ. ಹೆಸರು ನೋಂದಾಯಿಸಲು ಕೊನೆಯ ದಿನ ಚುನಾವಣೆಗೆ ಮೂವತ್ತು ದಿನ ಮುಂಚೆ. ಮನೆ ಬದಲಾಯಿಸಿದವರು ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ವಿಳಾಸ ಸರಿಮಾಡಿಸಿಕೊಳ್ಳಿ.