ಮರಳಿನ ಜಾಡಿಯಿಂದ ಶುರು ಮಾಡು

ಸೋಮವಾರಪೇಟೆ
ಆಷಾಢದ ಸಂಜೆ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸೋಮವಾರ ನಿನ್ನ ಕಾಲೇಜಿನ ಮಕ್ಕಳನ್ನು ಮೊದಲ ಸಲ ಕಟ್ಟಡ ಸಾಮಗ್ರಿ ಪರೀಕ್ಷಿಸುವ ಲ್ಯಾಬಿಗೆ ಕರೆದುಕೊಂಡು ಹೋಗುತ್ತೀಯಂತೆ. ಬಲ ನೋಡಲು ಕಾಂಕ್ರೀಟಿನ ಕ್ಯೂಬ್ ಒಡೆಯುವ ಮಷಿನ್ ತೋರಿಸಿ ಶುರು ಮಾಡಲಾ ಅಂತ ಫೋನಿನಲ್ಲಿ ಕೇಳಿದೆ. ಆಗ ಕರೆಂಟ್ ಹೋಗಿ ಮಾತು ತುಂಡಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮಷಿನ್ ಬೇಡ. ಅದು ಢಬ್ ಅಂದರೆ ಮಕ್ಕಳಿಗೆ ಖುಷಿ, ಆದರೆ ತಲೆಗೆ ಏನೂ ಹೋಗುವುದಿಲ್ಲ. ಮಳೆಯಲ್ಲಿ ನೆನೆದ ಮರಳು ನಿಮ್ಮ ಕಾಲೇಜಿನ ಅಂಗಳದಲ್ಲೇ ಬಿದ್ದಿರುತ್ತದೆ, ಅಲ್ವಾ? ಒದ್ದೆ ಮರಳನ್ನು ಅಳತೆಯ ಗಾಜಿನ ಜಾಡಿಗೆ 200 ಮಿಲಿ ಗೆರೆಯವರೆಗೆ ಹಾಕಿಸು. ಅದನ್ನು ತೆಗೆದಿಟ್ಟು, ಜಾಡಿಗೆ ಅರ್ಧ ನೀರು ತುಂಬಿಸಿ, ಅದೇ ಮರಳನ್ನು ವಾಪಸ್ ಸುರಿದು ಕಲಕಲಿ. ಮರಳು ತಳ ಸೇರಿದ ಮೇಲೆ ಗೆರೆ ನೋಡಲಿ. 160ಕ್ಕೆ ಇಳಿದಿತ್ತು ಅನ್ನು. ಒಂದು ಕಾಳೂ ಚೆಲ್ಲಿಲ್ಲ, ಮತ್ತೆ 40 ಎಲ್ಲಿ ಹೋಯಿತು? ಉತ್ತರ ನೀನು ಹೇಳಬೇಡ. ಒದ್ದಾಡಲಿ.

ಕಾಳಿನ ಸುತ್ತ ಕೂತ ತೆಳು ನೀರು ಕಾಳುಗಳನ್ನು ದೂರ ದೂರ ನಿಲ್ಲಿಸಿತ್ತು. ಪೂರ್ತಿ ಮುಳುಗಿದಾಗ ಆ ಹಿಡಿತ ಹೋಯಿತು, ಅಷ್ಟೇ. 160ರ ಮೇಲೆ 40 ಅಂದರೆ 25 ಪ್ರತಿಶತ ಉಬ್ಬು. ನಮ್ಮ ಮಳೆಗಾಲದಲ್ಲಿ ಮೇಸ್ತ್ರಿ ನಾಲ್ಕು ಬಾಂಡ್ಲಿ ಮರಳು ಹಾಕಿದೆ ಅಂತ ಎಣಿಸುತ್ತಾನೆ. ನಿಜಕ್ಕೂ ಬಿದ್ದದ್ದು ಮೂರು ಚಿಲ್ಲರೆ. ಸಾಲದ್ದಕ್ಕೆ ಆ ಮರಳಿನ ಜೊತೆ ಲೆಕ್ಕಕ್ಕೆ ಸಿಗದ ನೀರೂ ಬಿತ್ತು. ನೀರು ಜಾಸ್ತಿಯಾದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ ಅಂತ ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟ. ಮೇಸ್ತ್ರಿಗೆ ಬೈಯಬೇಡ, ಅವನು ಬಾಂಡ್ಲಿ ಸರಿಯಾಗೇ ಎಣಿಸಿದ್ದಾನೆ.

ಮಷಿನ್ ಎರಡನೇ ವಾರಕ್ಕೆ ಇರಲಿ. ಒಡೆಯುವ ಮೊದಲು ಪ್ರತಿಯೊಬ್ಬರೂ ಒಂದು ಅಂದಾಜು ಬರೆದಿಡಲಿ. 150 ಮಿ.ಮೀ. ಕ್ಯೂಬ್, ಒಂದು ಗೇಣೂ ಇಲ್ಲ. ಎಂ 20 ಕಾಂಕ್ರೀಟ್, ಅಂದರೆ ಚದರ ಮಿ.ಮೀ.ಗೆ 20 ನ್ಯೂಟನ್ ಭಾರ ತಾಳುವಂಥದ್ದು, ಆದರೆ 450 ಕಿಲೋನ್ಯೂಟನ್ ತಡೆಯಬೇಕು. ಅಂದರೆ ಸುಮಾರು 45 ಟನ್. ದುಬಾರೆಯ ಹತ್ತು ದೊಡ್ಡ ಆನೆ ಅಂದುಕೊಳ್ಳಲಿ. ಕರಣೆ ಆಡಿಸಿದ ಮುಖ ಪಕ್ಕಕ್ಕೆ ಬರುವ ಹಾಗೆ ಇಡಿಸು, ಅಚ್ಚಿಗೆ ತಾಗಿದ ನುಣುಪು ಮುಖಗಳ ಮೇಲೆ ಭಾರ ಬೀಳಲಿ. ಆತುರ ಬೇಡ. ನಿಯಮದ ವೇಗದಲ್ಲಿ ಹೋದರೆ ಎಂ 20 ಕ್ಯೂಬ್ ಒಡೆಯಲು ಒಂದೂವರೆ ನಿಮಿಷದ ಹತ್ತಿರ ಬೇಕು. ಅರ್ಧ ನಿಮಿಷಕ್ಕೆ ಮುಗಿಸಿದರೆ ಅಂಕಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಊಟದ ಬೆಲ್ಲಿಗೆ ಮುಂಚೆ ಆಗುವ ಟೆಸ್ಟುಗಳೆಲ್ಲ ಪಾಸ್ ಆಗುವುದು ಸುಮ್ನೆ ಅಲ್ಲ!

ಇನ್ನೊಂದು, ನಿನ್ನ ಊರಿನದೇ ತೊಂದರೆ. ಕ್ಯೂಬ್ ನೆನೆಹಾಕುವ ನೀರು 27 ಡಿಗ್ರಿ ಇರಬೇಕು, ಎರಡು ಡಿಗ್ರಿ ಆಚೆ ಈಚೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಎಲ್ಲಿಂದ ಬರಬೇಕು? ತೊಟ್ಟಿಯ ನೀರು ತಣ್ಣಗಿದ್ದರೆ ಸಿಮೆಂಟ್ ನಿಧಾನಕ್ಕೆ ಗಟ್ಟಿಯಾಗುತ್ತದೆ, 7 ದಿನದ ಫಲಿತಾಂಶ ಸಪ್ಪೆ ಬರುತ್ತದೆ. ಆಗ ಹುಡುಗರು ಹೋದ ವರ್ಷದ ರೆಕಾರ್ಡ್ ಬುಕ್ ತೆಗೆದು ಅದರ ಅಂಕಿ ಇಳಿಸುತ್ತಾರೆ. ಅಲ್ಲೇ ಹಿಡಿ. ತೊಟ್ಟಿಗೆ ಥರ್ಮಾಮೀಟರ್ ಹಾಕಿ ದಿನಾ ಬರೆಸು. ಹೀಟರ್ ಕೇಳು, ಕೊಡುವವರೆಗೆ ಕೇಳು. ಅದು ಬರುವ ತನಕ ಸಪ್ಪೆ ಅಂಕಿಯನ್ನೇ ಬರೆದು, ಪಕ್ಕದಲ್ಲಿ ನೀರಿನ ಡಿಗ್ರಿಯನ್ನೂ ಬರೆದವನಿಗೆ ಪೂರ್ತಿ ಮಾರ್ಕ್ಸ್ ಕೊಡು.

ಇಷ್ಟು ಹಟ ಯಾಕೆ ಅಂತೀಯಾ? ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಮೋರಿಯ ಕೆಲಸ ನೋಡಿಕೊಳ್ಳುತ್ತಿದ್ದೆ. ಕ್ಯೂಬ್ ಎಲ್ಲ ಪಾಸ್, ಒಂದಕ್ಕಿಂತ ಒಂದು ಚಂದ. ಒಂದು ಮಧ್ಯಾಹ್ನ ಹೇಳದೆ ಸೈಟಿಗೆ ಹೋದರೆ, ಶೆಡ್ಡಿನ ಹಿಂದೆ ಒಬ್ಬ ಹುಡುಗ ಕ್ಯೂಬಿಗೆ ಅಂತಲೇ ಬೇರೆ ಕಲಸುತ್ತಿದ್ದ. ಸಿಮೆಂಟ್ ಧಾರಾಳ. ಮುಚ್ಚುಮರೆ ಕೂಡ ಇಲ್ಲ, ಪಾಪ, ಅವನಿಗೆ ಅದೇ ಕೆಲಸ ಅಂತ ಹೇಳಿಕೊಟ್ಟಿದ್ದರು. ನನ್ನ ಸಹಿ ಬಿದ್ದ ಹಾಳೆಗಳು ಅಷ್ಟು ಹೊತ್ತಿಗೆ ಆಫೀಸು ಸೇರಿದ್ದವು. ಎರಡು ದಿನ ನಿದ್ದೆ ಬರಲಿಲ್ಲ. ಮೂರನೇ ದಿನ ಮೇಲಿನವರಿಗೆ ಹೇಳಿದೆ. ಸ್ಲ್ಯಾಬಿನಿಂದಲೇ ಕೋರ್, ಅಂದರೆ ಕಾಂಕ್ರೀಟಿನ ಉರುಳೆ ತುಂಡು, ಕೊರೆದು ತೆಗೆದು ನೋಡಿದರು. ಕೋರ್‌ಗಳ ಸರಾಸರಿ ಬೇಕಾದ ಬಲದ 85 ಪ್ರತಿಶತ ಮುಟ್ಟಬೇಕಿತ್ತು, ಮುಟ್ಟಲಿಲ್ಲ. ಸ್ಲ್ಯಾಬ್ ಒಡೆಸಿ ಮತ್ತೆ ಹಾಕಿಸಿದರು. ಬೈಗುಳ ನನಗೂ ಬಿತ್ತು, ಬೀಳಬೇಕಾದದ್ದೇ. ಕ್ಯೂಬ್ ತುಂಬುವಾಗ ನಾನು ಒಂದು ಸಲವೂ ಹತ್ತಿರ ನಿಂತಿರಲಿಲ್ಲ.

ಇಟ್ಟಿಗೆ, ಸಿಮೆಂಟಿನ ಪರೀಕ್ಷೆಗೆಲ್ಲ ನನ್ನ ಮಾತು ಬೇಕಿಲ್ಲ, ನೀನೇ ಚೆನ್ನಾಗಿ ಮಾಡಿಸುತ್ತೀಯ. ಮಣ್ಣು ಎಷ್ಟು ನೀರಿಗೆ ಹರಿಯುತ್ತದೆ ಅಂತ ನೋಡುವ ಪರೀಕ್ಷೆ ಬಂದಾಗ ಮಾತ್ರ ಸ್ವಲ್ಪ ಮೆಲ್ಲಗೆ. ಮಕ್ಕಂದೂರು, ಜೋಡುಪಾಲದ ಕಡೆಯ ಮಕ್ಕಳು ಕ್ಲಾಸಿನಲ್ಲಿ ಇರಬಹುದು. ಹಿತ್ತಾಳೆ ಕಪ್ಪಿನಲ್ಲಿ ಸೀಳಿಟ್ಟ ಒದ್ದೆ ಮಣ್ಣು 25 ಪೆಟ್ಟಿಗೆ ಹರಿದು ಒಂದಾಗುವುದನ್ನು ನೋಡುವಾಗ, 2018ರ ಆಗಸ್ಟಿನಲ್ಲಿ ಗುಡ್ಡ ಹರಿದದ್ದನ್ನು ಕಂಡ ಮಗು ಸುಮ್ಮನಾದೀತು. ಆ ಹೊತ್ತಿಗೆ ಅವರನ್ನು ಎಬ್ಬಿಸಿ ಪ್ರಶ್ನೆ ಕೇಳಬೇಡ.

ನನ್ನ ಹಳೆ ಕಬ್ಬಿಣದ ಸಲಾಕೆ, ಕ್ಯೂಬಿಗೆ ಕುಟ್ಟುತ್ತಿದ್ದದ್ದು, ಅಟ್ಟದಲ್ಲಿ ಸಿಕ್ಕಿತು. ತುಕ್ಕು ಉಜ್ಜಿ ಇಟ್ಟಿದ್ದೇನೆ. ಭಾನುವಾರ ಬಂದರೆ ತೆಗೆದುಕೊಂಡು ಹೋಗು. ದೊಡ್ಡಮ್ಮ ಕಳಲೆ ನೆನೆಹಾಕಿದ್ದಾಳೆ, ಊಟಕ್ಕೇ ಬಾ.

ನಿನ್ನ
ದೊಡ್ಡಪ್ಪ