ಗಿಳಿ ಗಿಳಿ ಬಂತಾ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಕಥೆ ಮತ್ತು ಎರಡು ಪದ್ಯ ತಲುಪಿದವು. ಮೊದಲ ಸಲ ಮನಸ್ಸಿನಲ್ಲೇ ಓದಿಕೊಂಡೆ. ಎರಡನೇ ಸಲ ಅಡುಗೆಮನೆಯಲ್ಲಿ ನಿಂತು, ಹಾಲು ಕಾಯಿಸುತ್ತಾ, ಜೋರಾಗಿ ಓದಿದೆ. ಮಕ್ಕಳಿಗೆ ಬರೆದದ್ದನ್ನು ಹಾಗೆ ಬಾಯಿಬಿಟ್ಟು ಓದದೆ ನಾನು ಏನೂ ಹೇಳುವುದಿಲ್ಲ. ಯಾಕೆಂದರೆ ಮೂರು ವರ್ಷದ ಮಗುವಿಗೆ ಪುಸ್ತಕ ಅಂದರೆ ಒಂದು ದನಿ ಮತ್ತು ಒಂದು ಚಿತ್ರ. ಅಕ್ಷರ ಅನ್ನುವುದು ಅದರ ಪಾಲಿಗೆ ಇನ್ನೂ ಇಲ್ಲವೇ ಇಲ್ಲ.

ಕಥೆಯ ಬಗ್ಗೆ ಆಮೇಲೆ ಹೇಳುತ್ತೇನೆ. "ನಿನಗೆ ವಿಷಯ ಎಲ್ಲಿಂದ ಸಿಗುತ್ತೆ?" ಅಂತ ಕೇಳಿದ್ದೀಯಲ್ಲ, ಮೊದಲು ಅದಕ್ಕೆ ಉತ್ತರ ಬರೆಯುತ್ತೇನೆ. ನನಗೆ ವಿಷಯ ಸಿಗುವುದೇ ಇಲ್ಲ ಮಾರಾಯ. ಮಾತು ಸಿಗುತ್ತದೆ. ಒಂದು ಉದಾಹರಣೆ ಕೊಡುತ್ತೇನೆ.

ನಾವು ದಿನಾ "ಊಟ ಗೀಟ ಆಯ್ತಾ", "ಕಾಫಿ ಗೀಫಿ ಕುಡೀತೀರಾ" ಅಂತ ಮಾತಾಡುತ್ತೇವೆ. ಮೊದಲ ಅಕ್ಷರ ತೆಗೆದು ಅಲ್ಲಿ ಗಿ ಅಥವಾ ಗೀ ಇಟ್ಟರೆ ಸಾಕು, ಯಾವ ಪದಕ್ಕೂ ಒಂದು ಜೋಡಿ ಹುಟ್ಟಿಬಿಡುತ್ತದೆ. ಆ ಗೀಟಕ್ಕೆ, ಗೀಫಿಗೆ ಬೇರೆ ಅರ್ಥ ಇಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಮ್ಮ ಕೇಳಿದರು, "ಸಾರಿಗೆ ಹುಳಿ ಗಿಳಿ ಜಾಸ್ತಿ ಆಯ್ತಾ?" ಅಂತ. ಪಕ್ಕದಲ್ಲಿದ್ದ ನಾಲ್ಕು ವರ್ಷದ ಅಣ್ಣನ ಮಗ ತಟ್ಟೆ ಬಿಟ್ಟು ತಲೆ ಎತ್ತಿ ಕೇಳಿದ, "ಸಾರಲ್ಲಿ ಗಿಳಿ ಇದೆಯಾ ಅಜ್ಜಿ?"

ಅಷ್ಟೇ. ಕಥೆ ಅಲ್ಲೇ ಇತ್ತು. ಒಂದು ಗಿಳಿ ಇದೆ. ಯಾರು ಎಲ್ಲಿ "ಹುಳಿ ಗಿಳಿ" ಅಂದರೂ ತನ್ನನ್ನೇ ಕರೆದರು ಅಂದುಕೊಂಡು ಕಿಟಕಿಯಿಂದ ಹಾರಿ ಬರುತ್ತದೆ. "ಕರೆದ್ರಾ?" ಅನ್ನುತ್ತದೆ. ಅಜ್ಜಿ ಮೊಮ್ಮಗನಿಗೆ "ಚಳಿ ಗಿಳಿ ಆಗ್ತಿದೆಯಾ ಮಗಾ?" ಅಂತ ಕೇಳಿದರೆ ಕಂಬಳಿಯ ಒಳಗಿಂದ "ಕರೆದ್ರಾ?" ಅಕ್ಕ ಆಟಕ್ಕೆ ಹೊರಟಾಗ ಅಜ್ಜಿ "ಬಿಳಿ ಗಿಳಿ ಅಂಗಿ ಹಾಕ್ಕೋಬೇಡ, ಕೊಳೆ ಆಗುತ್ತೆ" ಅಂದರೆ ಗಿಳಿ ಗಾಬರಿಯಲ್ಲಿ ಓಡಿಬಂದು ಅಕ್ಕಿಹಿಟ್ಟಿನ ಡಬ್ಬಕ್ಕೆ ಬೀಳುತ್ತದೆ. ಎದ್ದಾಗ ಅದು ನಿಜಕ್ಕೂ ಬಿಳಿ ಗಿಳಿ! ಇದರಲ್ಲಿ ನಾನು ಕಟ್ಟಿದ್ದು ತುಂಬಾ ಕಡಿಮೆ. ಕನ್ನಡವೇ ಕಟ್ಟಿಕೊಟ್ಟಿದ್ದು ಜಾಸ್ತಿ. ಬೇರೆ ಭಾಷೆಗೆ ಹಾಕಿದರೆ ಈ ಕಥೆ ನಿಲ್ಲುವುದಿಲ್ಲ. ಅದಕ್ಕೇ ನನಗೆ ಇದರ ಮೇಲೆ ಅಷ್ಟು ಪ್ರೀತಿ.

ಈಗ ನಿನ್ನ ಪದ್ಯಕ್ಕೆ ಬರುತ್ತೇನೆ. ಪುಟ್ಟ ಬೇಗ ಏಳುತ್ತಾನೆ, ಹಲ್ಲು ತಿಕ್ಕುತ್ತಾನೆ, ತಿಂಡಿ ತಿನ್ನುತ್ತಾನೆ. ಪ್ರಾಸ ಬಂತು ಅಂತ ನಿನಗೆ ಅನ್ನಿಸಿದೆ. ಆದರೆ ಅದು ಪ್ರಾಸ ಅಲ್ಲ, ಬರೀ ಕ್ರಿಯಾಪದದ ಬಾಲ. ಕನ್ನಡದಲ್ಲಿ ಯಾವ ಎರಡು ಕ್ರಿಯಾಪದ ತಂದು ನಿಲ್ಲಿಸಿದರೂ ಕೊನೆ ಒಂದೇ ಥರ ಕೇಳುತ್ತದೆ. ಸುಲಭವಾಗಿ ಸಿಗುವುದರಿಂದಲೇ ಮಗುವಿನ ಕಿವಿಗೆ ಅದು ಏನೂ ಅಲ್ಲ. ಪ್ರಾಸದಲ್ಲಿ ಒಂದು ಸಣ್ಣ ಆಶ್ಚರ್ಯ ಇರಬೇಕು. ದೂರದ ಎರಡು ವಸ್ತು ಪಕ್ಕಪಕ್ಕ ಬಂದು ಕೂರಬೇಕು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಹಾವಿನ ಪಕ್ಕ ಹೂವನ್ನು ತಂದು ಕೂರಿಸಿದರಲ್ಲ, ಹಾಗೆ. ಹೆದರಬೇಕಾದ ನಾಗರಹಾವು ಆ ಒಂದು ಪ್ರಾಸದಿಂದ ಮಗುವಿನ ಗೆಳೆಯ ಆಗಿಬಿಟ್ಟಿತು. ಅವರು ಮೇಷ್ಟ್ರಾಗಿದ್ದವರು, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. ಮಕ್ಕಳ ಕಿವಿ ಯಾವುದಕ್ಕೆ ನಿಮಿರುತ್ತದೆ ಅಂತ ಎದುರಿಗೆ ಕೂತು ಕಂಡವರು.

ನಾನು ಹೋದ ವಾರ ಬರೆದ ಎರಡು ಸಾಲು ನೋಡು:

ಗಾಡಿಯ ಮೇಲೆ ಕೂತಿತು ಕೋಳಿ
ಓಡಿತು ಗಾಡಿ, ಬೀಸಿತು ಗಾಳಿ

ಇದನ್ನು ಚಪ್ಪಾಳೆ ಹಾಕಿಕೊಂಡು ಹೇಳು. ಗಾಡಿಯ, ನಾಲ್ಕು ಮಾತ್ರೆ (ಉದ್ದದ ಗಾ ಎರಡು, ಡಿ ಒಂದು, ಯ ಒಂದು). ಮೇಲೆ, ಮೂರು. ಕೂತಿತು, ಮತ್ತೆ ನಾಲ್ಕು. ಕೋಳಿ, ಮೂರು. ಎರಡನೇ ಸಾಲೂ ಹಾಗೆಯೇ ನಡೆಯುತ್ತದೆ. ಆ ನಾಲ್ಕು-ಮೂರರಲ್ಲಿ ಎತ್ತಿನಗಾಡಿಯ ಕುಲುಕಾಟ ಇದೆ. ಕೊನೆಯಲ್ಲಿ ಕೋಳಿ-ಗಾಳಿ ಇದೆ, ಅದು ಎಲ್ಲರಿಗೂ ಕಾಣುತ್ತದೆ. ಸಾಲಿನ ಶುರುವಿಗೆ ಗಾಡಿ-ಓಡಿ ಇದೆ ನೋಡು, ಅದು ನಮ್ಮ ಹಳೆಯ ಆದಿಪ್ರಾಸ. ಎರಡನೇ ಅಕ್ಷರ ಒಂದೇ ಆಗಿರುವುದು. ಹಳೆಗನ್ನಡದ ಕವಿಗಳು ನೂರಾರು ವರ್ಷ ಹಿಡಿದುಕೊಂಡು ಬಂದದ್ದನ್ನು ಮಗುವಿನ ನಾಲಿಗೆ ಯಾರೂ ಹೇಳಿಕೊಡದೆ ಹಿಡಿದುಕೊಳ್ಳುತ್ತದೆ. ಗಾಡಿಯ ಬದಲು ಬಸ್ಸು ಅಂತ ಹಾಕಿ ನೋಡಿದೆ. "ಬಸ್ಸಿನ ಮೇಲೆ ಕೂತಿತು ಕೋಳಿ, ಓಡಿತು ಬಸ್ಸು, ಬೀಸಿತು ಗಾಳಿ." ತಾಳ ಕೆಡಲಿಲ್ಲ. ಆದರೆ ಬಾಯಲ್ಲಿ ಏನೋ ಸಪ್ಪೆ ಆಯಿತು. ಮತ್ತೆ ಗಾಡಿಗೇ ಬಂದೆ.

ನಿನ್ನ ಎರಡನೇ ಪದ್ಯ ಇಂಗ್ಲಿಷಿನಿಂದ ತಂದದ್ದು, "ಮಳೆಯೇ ಹೋಗು" ಅನ್ನುವುದು. ಅದನ್ನು ಬಿಟ್ಟುಬಿಡು. ಮೋಡ ಕವಿದ ಚಳಿ ನಾಡಿನ ಮಗು ಮಳೆಯನ್ನು ಹೋಗು ಅನ್ನಬಹುದು. ನಮ್ಮ ಮಕ್ಕಳು ಹುಯ್ಯೋ ಹುಯ್ಯೋ ಅಂತ ಮಳೆರಾಯನನ್ನು ಕರೆದವರು. ಧಾರವಾಡದ ಕಡೆ ಕೂತು, ಜೂನ್ ತಿಂಗಳಿಡೀ ಆಕಾಶ ನೋಡುವ ಜನರ ನಡುವೆ ಇದ್ದು ನೀನು ಮಳೆಗೆ ಹೋಗು ಅನ್ನಬಹುದಾ? ಹೊರಗಿನದನ್ನು ತರಬೇಡ ಅಂತ ನಾನು ಹೇಳುತ್ತಿಲ್ಲ. ಕಿಂದರಿಜೋಗಿಯೂ ಹೊರಗಿನಿಂದ ಬಂದವನೇ. ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆ, ಬ್ರೌನಿಂಗ್ ಇಂಗ್ಲಿಷಿನಲ್ಲಿ ಬರೆದ ಪದ್ಯ. ಕುವೆಂಪು ಅದನ್ನು ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದರು. ಇಲಿಗಳು ಕೂಡ ಆ ಊರಿನ ಇಲಿಗಳೇ ಆದವು. ಹಾಗೆ ತರುವುದಾದರೆ ತಾ.

ಕಥೆಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪ ಜಾಸ್ತಿ ಇದೆ. ಮಗಳು ಈ ವರ್ಷ ಒಂದನೇ ಕ್ಲಾಸು, ತಾನೇ ಓದಲಿ ಅಂತ ಬರೆದೆ ಅಂದಿದ್ದೀಯ. ಹಾಗಾದರೆ ನಿನ್ನ ಮೊದಲ ಪುಟವನ್ನು ಅವಳ ಕಣ್ಣಿನಿಂದ ನೋಡು. "ಸ್ವಚ್ಛತೆ" ಅಂತ ಇದೆ. ಆ ಒಂದು ಪದದಲ್ಲಿ ಎರಡು ಒತ್ತಕ್ಷರ, ಒಂದು ಮಹಾಪ್ರಾಣ. ಅಲ್ಲಿಗೆ ಅವಳ ಬೆರಳು ನಿಂತುಹೋಗುತ್ತದೆ. ಕಥೆಯೂ ನಿಲ್ಲುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಇದೆಯಲ್ಲ, ಅದರಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಕ್ರಮದಲ್ಲಿ ಅಲ್ಲ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಮಗು ಅರಸ, ಸರ, ದಸರ, ಗರಗಸ ಎಲ್ಲ ಓದಿಬಿಡುತ್ತದೆ. ನಾನೊಮ್ಮೆ ಆ ಐದೇ ಅಕ್ಷರದಲ್ಲಿ ಒಂದು ಪುಟ್ಟ ಪುಸ್ತಕ ಮಾಡಿದೆ. ಪುಟಕ್ಕೆ ಒಂದೋ ಎರಡೋ ಪದ. "ದಸರ." "ಅರಸ." "ಅರಸ, ಸರ." "ಸರಸರ!" "ಗರಗರ!" ಚಿತ್ರದಲ್ಲಿ ಅರಸನ ಕೊರಳಿನ ಸರವನ್ನು ಕೋತಿ ಎಗರಿಸಿಕೊಂಡು ಸರಸರ ಮರ ಹತ್ತುತ್ತದೆ. ಕೆಳಗೆ ಅರಸ ಗರಗರ ಸುತ್ತುತ್ತಾನೆ. ಕೋತಿ ಅನ್ನುವ ಪದ ಎಲ್ಲೂ ಇಲ್ಲ, ಬೇಕಾಗಿಯೂ ಇಲ್ಲ. ಶಾಲೆಗೆ ಸೇರಿ ಇನ್ನೂ ಎರಡು ತಿಂಗಳಾಗದ ಮಗು ಒಂದು ಇಡೀ ಪುಸ್ತಕ ತಾನೇ ಓದಿ ಮುಗಿಸಿ "ಇನ್ನೊಂದ್ಸಲ" ಅಂದಾಗ ಆಗುವ ಖುಷಿ ಇದೆಯಲ್ಲ, ಅದನ್ನು ನೀನೂ ನೋಡಬೇಕು ಅನ್ನಿಸುತ್ತದೆ.

ಒತ್ತಕ್ಷರ ಬಿಟ್ಟು ಬರೆಯಲು ಕೂತರೆ ನಮ್ಮ ಭಾಷೆ ಒಂದು ಹೊಸ ಊರಿನ ಹಾಗೆ ಕಾಣುತ್ತದೆ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜಿ, ಎಲ್ಲರಿಗೂ ಒತ್ತು. ಮನೆಯವರಲ್ಲಿ ಉಳಿಯುವವರು ತಾತ, ಮಾವ ಥರದ ಕೆಲವರು. ಬೆಕ್ಕು, ಗುಬ್ಬಿ, ಎಮ್ಮೆ, ಕತ್ತೆ ಹೊರಗೆ. ಆನೆ, ಇಲಿ, ಮೊಲ, ನರಿ, ಆಮೆ, ಕೋತಿ, ಕರಡಿ ಒಳಗೆ. ಬರುತ್ತದೆ, ಹೋಗುತ್ತದೆ ಅನ್ನುವ ಹಾಗೇ ಇಲ್ಲ, ಅಲ್ಲೂ ಒತ್ತು. ಹಾಗಾಗಿ ಬಂತು, ಓಡಿತು, ಹಾರಿತು, ಜಾರಿತು. ಇದರಿಂದ ಒಂದು ಲಾಭವೂ ಆಗುತ್ತದೆ. ಕಥೆ ತಾನಾಗಿಯೇ ಚುರುಕಾಗುತ್ತದೆ. "ಇಲಿ ಓಡಿತು" ಅಂದರೆ ಇಲಿ ನಿಜಕ್ಕೂ ಓಡಿದ ಹಾಗೆ ಕೇಳುತ್ತದೆ, ಅಲ್ವಾ? ಇದನ್ನು ವ್ರತದ ಹಾಗೆ ಹಿಡಿಯಬೇಡ. ಅಮ್ಮ, ಅಕ್ಕ ಥರದ ಸಜಾತಿ ಒತ್ತು ಮಕ್ಕಳಿಗೆ ಬೇಗ ಬರುತ್ತದೆ. ಕಷ್ಟ ಆಗುವುದು ಸ್ವ, ಷ್ಟ್ರ ಇಂಥವು. ನೀನು ಮಡಿಲಲ್ಲಿ ಕೂರಿಸಿಕೊಂಡು ಓದಿ ಹೇಳುವ ಕಥೆಯಾದರೆ ಈ ಯಾವ ಲೆಕ್ಕವೂ ಬೇಡ. ನನ್ನ ಗಿಳಿ "ಕರೆದ್ರಾ?" ಅನ್ನುವುದು ಅದಕ್ಕೇ. ಅದು ಕಿವಿಗೆ ಬರೆದದ್ದು.

ಆ "ಕರೆದ್ರಾ" ಬಗ್ಗೆ ಒಂದು ಬೇಜಾರಿನ ಸಂಗತಿ ಇದೆ. ಆ ಕಥೆಯನ್ನು ಮೊದಲು ಕಳಿಸಿದಾಗ ಒಬ್ಬರು ಸಂಪಾದಕರು ಅದನ್ನು "ಕರೆದಿರೇನು?" ಅಂತ ತಿದ್ದಿ ವಾಪಸ್ ಕಳಿಸಿದರು. ಮಕ್ಕಳು ಶುದ್ಧ ಭಾಷೆ ಕಲಿಯಬೇಕು ಅಂದರು. ನನಗೆ ಎರಡು ದಿನ ನಿದ್ದೆ ಬರಲಿಲ್ಲ. ಮನೆಯಲ್ಲಿ ಯಾರೂ ಆಡದ ಮಾತನ್ನು ಗಿಳಿ ಯಾಕೆ ಆಡಬೇಕು? ಗಿಳಿ ಕೇಳಿದ್ದನ್ನೇ ತಾನೇ ಹೇಳುವುದು! ಕಥೆಯನ್ನು ಹಿಂದಕ್ಕೆ ತೆಗೆದುಕೊಂಡೆ. ನೀನು ನಿನ್ನ ಮಗಳಿಗೆ ಓದುವಾಗ "ಕರದ್ರೇನು?" ಅಂತ ಓದು. ಬೀದರಿನಲ್ಲಿ, ಮಂಗಳೂರಿನಲ್ಲಿ ಅವರವರ ಗಿಳಿ ಅವರವರ ಹಾಗೆ ಕೇಳಲಿ.

ಇನ್ನು ಚಿತ್ರ. ನೀನು "ಕೆಂಪು ಅಂಗಿ ತೊಟ್ಟ ಗುಂಗುರು ಕೂದಲಿನ ಪುಟ್ಟ" ಅಂತ ಬರೆದಿದ್ದೀಯ. ಅಂಗಿ ಕೆಂಪು ಅಂತ ಮಗು ನೋಡುತ್ತಿದೆ. ಅಷ್ಟು ಮಾತು ಉಳಿಸು. ಅದಕ್ಕಿಂತ ಚೆಂದದ್ದು ಏನು ಗೊತ್ತಾ? ಮಾತು ಒಂದು ಹೇಳಬೇಕು, ಚಿತ್ರ ಇನ್ನೊಂದು ಹೇಳಬೇಕು. ನನ್ನ ಕಥೆಯಲ್ಲಿ ಒಂದು ಪುಟದಲ್ಲಿ "ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ" ಅಂತ ಇದೆ. ಚಿತ್ರದಲ್ಲಿ ಉಪ್ಪಿನಕಾಯಿ ಭರಣಿಯ ಹಿಂದೆ ಹಸಿರು ಬಾಲ ಕಾಣುತ್ತದೆ. "ಇದೆ! ಇದೆ! ಅಲ್ಲಿದೆ!" ಅಂತ ಮಕ್ಕಳು ಕೂಗುತ್ತಾರೆ. ಓದುತ್ತಿರುವ ದೊಡ್ಡವರಿಗೆ ಗೊತ್ತಿಲ್ಲದ್ದು ತಮಗೆ ಗೊತ್ತು ಅನ್ನುವ ಆ ಹೆಮ್ಮೆಯನ್ನು ಮಕ್ಕಳಿಗೆ ಕೊಡಬೇಕು ಮಾರಾಯ. ಅವರಿಗೆ ಅದು ಬೇರೆಲ್ಲೂ ಸಿಗುವುದಿಲ್ಲ.

ನಾಲ್ಕು ಎ4 ಹಾಳೆ ತೆಗೆದುಕೊಂಡು ಮಧ್ಯಕ್ಕೆ ಮಡಚಿ ಒಂದರೊಳಗೊಂದು ಇಡು. ಹದಿನಾರು ಪುಟ ಆಯಿತು. ಮೊದಲ ಪುಟ ಹೆಸರಿಗೆ, ಕೊನೆಯದು ಹಾಗೇ ಇರಲಿ. ಮಧ್ಯೆ ಉಳಿಯುವುದು ಏಳು ಜೋಡಿಪುಟ. ನಿನ್ನ ಕಥೆಯನ್ನು ಆ ಏಳರಲ್ಲಿ ಹಂಚು. ಪ್ರತಿ ಬಲಪುಟದ ಕೊನೆಗೆ, ಹಾಳೆ ತಿರುವದೆ ಇರಲಾಗದ ಹಾಗೆ ಏನಾದರೂ ಇರಬೇಕು. ಅಜ್ಜಿ "ಚಳಿ ಗಿಳಿ..." ಅನ್ನುವುದು ಈ ಪುಟದಲ್ಲಿ. "ಕರೆದ್ರಾ?" ಹಾಳೆ ತಿರುವಿದ ಮೇಲೆ. ಮೂರನೇ ಸಲಕ್ಕೆ ನಾನು ಹಾಳೆಗೆ ಕೈ ಹಾಕುವ ಮೊದಲೇ ಮಕ್ಕಳು ತಾವೇ "ಕರೆದ್ರಾ?" ಅಂತ ಕಿರುಚಿರುತ್ತಾರೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಓದಲು ಸಿಗುತ್ತವೆ. ಮೊದಲ ಹಂತದ ಹತ್ತು ಪುಸ್ತಕ ತೆಗೆದು, ಎಲ್ಲಿ ಹಾಳೆ ತಿರುಗುತ್ತದೆ ಅಂತ ಮಾತ್ರ ನೋಡಿಕೊಂಡು ಬಾ.

ನಿನ್ನ ಕಥೆಯ ಕೊನೆಯ ಸಾಲಿನ ಬಗ್ಗೆ ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. "ಆದ್ದರಿಂದ ಮಕ್ಕಳೇ" ಅಂತ ಶುರುವಾಗುತ್ತದಲ್ಲ, ಅದು. ನಾನೂ ಅದನ್ನೇ ಮಾಡಿದ್ದೆ. ಗಿಳಿ ಕಥೆಯ ಕೊನೆಯಲ್ಲಿ, ಕರೆಯದೆ ಯಾರ ಮನೆಗೂ ಹೋಗಬಾರದು ಅಂತ ಅಜ್ಜಿಯ ಬಾಯಿಂದ ಹೇಳಿಸಿದ್ದೆ. ಅದನ್ನು ನಮ್ಮ ಬೀದಿಯ ಅಂಗನವಾಡಿಯಲ್ಲಿ ಓದಿದೆ. ಹದಿನೈದು ಮಕ್ಕಳಿದ್ದರು. ಆರು ಜೋಡಿಪುಟದವರೆಗೆ ನನ್ನ ಮೊಣಕಾಲಿಗೆ ಅಂಟಿಕೊಂಡು ಕೂತಿದ್ದವರು, ಅಜ್ಜಿ ಬುದ್ಧಿ ಹೇಳಲು ಶುರು ಮಾಡಿದ ಕೂಡಲೇ ಒಬ್ಬೊಬ್ಬರಾಗಿ ಎದ್ದರು. ಒಬ್ಬ ಚಾಪೆಯ ಕಡ್ಡಿ ಕೀಳತೊಡಗಿದ. ಒಬ್ಬಳು ಮಾತ್ರ ಹೋಗಲಿಲ್ಲ. ಕೆಂಪು ರಿಬ್ಬನ್ ಕಟ್ಟಿದ್ದಳು. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಪುಸ್ತಕದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು: "ಗಿಳಿಗೆ?"

"ಗಿಳಿಗೆ ಏನು ಪುಟ್ಟಿ?"

"ಹುಳಿಗೆ ಗಿಳಿ. ಚಳಿಗೆ ಗಿಳಿ. ಗಿಳಿಗೆ?"

ನಾನು ಬಾಯಲ್ಲಿ ಹೇಳಿ ನೋಡಿಕೊಂಡೆ. ಗಿಳಿ... ಗಿಳಿ. ಅವಳು ಎರಡು ಬೆರಳು ಎತ್ತಿ ತೋರಿಸಿದಳು. ಎರಡು ಗಿಳಿ!

ಅವತ್ತೇ ರಾತ್ರಿ ಏಳನೇ ಜೋಡಿಪುಟ ಹರಿದುಹಾಕಿ ಹೊಸದಾಗಿ ಬರೆದೆ. ಈಗ ಅಜ್ಜಿ ಬುದ್ಧಿ ಹೇಳುವುದಿಲ್ಲ. ಸಂಜೆ ಜಗಲಿಯಲ್ಲಿ ಕೂತು, ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ ಅಂತ ಮೊಮ್ಮಗನನ್ನು ಕೇಳುತ್ತಾರೆ: "ಗಿಳಿ ಗಿಳಿ ಬಂತಾ?" ಹಾಳೆ ತಿರುವಿದರೆ ಕಿಟಕಿಯ ಸರಳಿನ ಮೇಲೆ ಎರಡು ಗಿಳಿ. "ಕರೆದ್ರಾ?" "ಕರೆದ್ರಾ?"

ನಿನ್ನ ಪುಟ್ಟನ ಕಥೆಯಲ್ಲಿ ಒಂದು ಕಡೆ ಅವನ ಬಕೆಟ್ಟು ಮೆಟ್ಟಿಲ ಮೇಲಿಂದ ಗಡಬಡ ಗಡಬಡ ಉರುಳುತ್ತದಲ್ಲ, ಆ ಜಾಗ ನನಗೆ ತುಂಬಾ ಇಷ್ಟವಾಯಿತು. ಅಲ್ಲಿಂದ ಶುರು ಮಾಡು. ಆ ಬಕೆಟ್ಟು ಎಲ್ಲಿಯವರೆಗೆ ಉರುಳಿತು, ದಾರಿಯಲ್ಲಿ ಯಾರಿಗೆ ತಾಗಿತು, ಒಳಗೆ ಯಾರು ಕೂತಿದ್ದರು, ಅದನ್ನೆಲ್ಲ ಬರೆ. ಹಾಳೆ ಮಡಚಿ, ಪೆನ್ಸಿಲಿನಲ್ಲಿ ಬರೆದು ಮೊದಲು ಮಗಳಿಗೆ ಓದು. ಅವಳು ಎಲ್ಲಿ ನಕ್ಕಳು, ಎಲ್ಲಿ ಎದ್ದುಹೋದಳು ಅಂತ ಪುಟದ ಅಂಚಿನಲ್ಲಿ ಗುರುತು ಹಾಕು. ಆ ಗುರುತು ಅಳಿಸದೆ ಹಾಗೇ ಪೋಸ್ಟ್ ಮಾಡು.

ಅವಳಿಗೆ ಗಿಳಿ ಪುಸ್ತಕದ ನನ್ನ ಕೈಬರಹದ ಪ್ರತಿ ಇದರ ಜೊತೆಗೇ ಇಟ್ಟಿದ್ದೇನೆ. ಕೊನೆಯ ಪುಟದ ಎರಡನೇ ಗಿಳಿಗೆ ಬಣ್ಣ ಹಾಕಿಲ್ಲ. ಅವಳಿಗೆ ಬಿಟ್ಟಿದ್ದೇನೆ.

ನಿನ್ನ ಗೆಳೆಯ